ಬಿರುಕಿಗೂ ಅಪ್ರೂವಲ್ ಬೇಕು

ರೋಡು ಯಾವಾಗ ಬಿರುಕು ಬಿಡುತ್ತೆ ಅಂತ ಮೊದಲೇ ಹೇಳೋಕೆ ಫಾರ್ಮುಲಾ ಇದೆ, ತಮಾಷೆ ಅಲ್ಲ. ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ಟೆಸ್ಟ್ ರೋಡುಗಳ ಮೇಲೆ ಲಾರಿಗಳನ್ನ ಸುತ್ತಿಸಿ ಸುತ್ತಿಸಿ ಬೇಕಂತಲೇ ಹಾಳು ಮಾಡಿ ಪಾಠ ಕಲಿತರು (ಉಳಿದವರಿಗೆ ರೋಡು ಹಾಳು ಮಾಡೋಕೆ ರಿಸರ್ಚ್ ಬೇಕಾಗಲ್ಲ ಬಿಡಿ). ಆಕ್ಸಲ್ ಮೇಲಿನ ಭಾರ ಡಬಲ್ ಆದ್ರೆ ಡ್ಯಾಮೇಜು ಡಬಲ್ ಅಲ್ಲ, ಹೆಚ್ಚುಕಮ್ಮಿ 16 ಪಟ್ಟು.

ಫಾರ್ಮುಲಾ ಮೇಲೆ ನನಗೇನೂ ತಕರಾರಿಲ್ಲ. ತಕರಾರಿರೋದು ಅದಕ್ಕೆ ತುಂಬೋ ನಂಬರ್‌ಗಳ ಮೇಲೆ. ಆ ಲೆಕ್ಕದ ಶೀಟಲ್ಲಿ ಒಂದು ಲಾರಿನೂ ಓವರ್‌ಲೋಡ್ ಇರಲ್ಲ, ಡಾಂಬರಿನ ದಪ್ಪ ಡ್ರಾಯಿಂಗಲ್ಲಿ ಇದ್ದಷ್ಟೇ ಇರುತ್ತೆ, ಚರಂಡಿಲಿ ನೀರು ಹರಿಯುತ್ತೆ, ಕೇಬಲ್ಲಿನವರು ಪೈಪಿನವರು ಹೊಸ ರೋಡು ಕಂಡ ಕೂಡ್ಲೇ ಹಾರೆ ಗುದ್ದಲಿ ಕೆಳಗಿಟ್ಟು ಕೈಮುಗಿದು ವಾಪಸ್ ಹೋಗ್ತಾರೆ. ಅಂಥ ರೋಡು 15 ವರ್ಷ ಬಾಳುತ್ತೆ ಅಂತ ಲೆಕ್ಕ ಬಂದ್ರೆ ಆಶ್ಚರ್ಯ ಏನು, ಅಂಥ ಊರಿದ್ರೆ ಮನುಷ್ಯರೇ 15 ವರ್ಷ ಜಾಸ್ತಿ ಬದುಕ್ತಾರೆ.

ಇನ್ನು ಬಿರುಕು ಶುರುವಾಯ್ತು ಅಂತ ಒಪ್ಕೊಳ್ಳೋದು ಯಾವಾಗ? ರೋಡು ಯಾವಾಗ ಎಷ್ಟು ಹಾಳಾಗುತ್ತೆ ಅಂತ ಇಂಥ ಫಾರ್ಮುಲಾಗಳಿಂದ ಲೆಕ್ಕ ಹಾಕೋಕೆ ವಿಶ್ವಬ್ಯಾಂಕ್ ಶುರುಮಾಡಿದ ಎಚ್‌ಡಿಎಂ ಮಾಡೆಲ್ ಪ್ರಕಾರ, ರೋಡಿನ ಮೇಲೆ 0.5 ಪರ್ಸೆಂಟ್ ಜಾಗ ಬಿರುಕು ಬಿಟ್ಟಾಗ. 7 ಮೀಟರ್ ಅಗಲದ ರೋಡು 1 ಕಿಲೋಮೀಟರ್ ತಗೊಂಡ್ರೆ ಅದು 35 ಚದರ ಮೀಟರ್. ಅಳೆಯೋರಿಗೆ ಎಲ್ಲೋ ಒಂದು ಗೆರೆ ಬೇಕೇ ಬೇಕು, ಸರಿ, ಒಪ್ಕೊಂಡೆ. ಆದ್ರೆ ಅದೇ ಗೆರೆ ಆಫೀಸಿನ ಕೈಗೆ ಸಿಕ್ತು ಅಂದ್ರೆ ಮುಗೀತು, 34 ಚದರ ಮೀಟರ್ ಒಡೆದು ಚೂರು ಚೂರು ಆಗಿದ್ರೂ ಫೈಲಲ್ಲಿ ರೋಡು ಗುಂಡುಕಲ್ಲು. ಅಷ್ಟೊತ್ತಿಗೆ ಬಿರುಕು, ಚಕ್ರ ಹೋದಾಗಲೆಲ್ಲ ಎಳೆತ ತಿಂದು ತಿಂದು ಡಾಂಬರಿನ ಅಡೀಲಿ ಹುಟ್ಟಿ, ದಿನಾ ಒಂಚೂರು ಮೇಲೆ ಹತ್ತಿ, ಹೊರಗೆ ಮುಖ ತೋರಿಸಿ, ಮಳೆ ನೀರನ್ನೂ ಒಳಗೆ ಕರ್ಕೊಂಡಿರುತ್ತೆ. ಸಾಹೇಬ್ರು ಮಾತ್ರ ಇನ್ನೂ ಒಂದು ಚದರ ಮೀಟರ್‌ಗೆ ಕಾಯ್ತಿರ್ತಾರೆ.

ಆಮೇಲೆ ಎಲೆಕ್ಷನ್ ಹತ್ರ ಬಂದಾಗ ಮೇಲೊಂದು ತೆಳು ಕೋಟ್ ಎಳೀತಾರೆ, ರಿಜಿಸ್ಟರಲ್ಲಿ ರೋಡಿನ ವಯಸ್ಸು ಮತ್ತೆ ಸೊನ್ನೆ. ಕೆಳಗಿರೋ ಹಳೇ ಬಿರುಕು ರಿಜಿಸ್ಟರ್ ಓದಲ್ಲವಲ್ಲ, ಅದೇ ಜಾಗದಲ್ಲಿ ಹೊಸ ಕೋಟನ್ನೂ ಸೀಳ್ಕೊಂಡು ಮೇಲೆ ಬರುತ್ತೆ. ಪಾಪ ಫಾರ್ಮುಲಾ ಇದನ್ನೂ ಯೋಚನೆ ಮಾಡಿದೆ, ಮೊದಲಿದ್ದ ಬಿರುಕು ಎಷ್ಟು ಅಂತ ಕೇಳೋಕೆ ಒಂದು ಕಾಲಂ ಇಟ್ಟಿದೆ. ಅಲ್ಲಿ ಯಾರೋ ನೀಟಾಗಿ 'ಇಲ್ಲ' ಅಂತ ಬರ್ದಿದ್ದಾರೆ. ಇದ್ದಿದ್ದು 34 ಚದರ ಮೀಟರ್ ತಾನೇ.