ಫಾಂಟ್ ಬದಲಿಸಿ, ಪ್ರಶಸ್ತಿ ಪಡೆಯಿರಿ

ಅಚ್ಚಾದ ಸಂಗೀತವನ್ನು ಬ್ರೈಲ್‌ಗೆ ಇಳಿಸುವ ತಂತ್ರಾಂಶ ಮಾಡಬೇಕೇ? ಒಂದು ಸ್ಕ್ಯಾನರ್, ಒಂದು ದೊಡ್ಡ ಹಸಿರು ಬಟನ್ ಇದ್ದರೆ ಸಾಕು. ಜೊತೆಗೆ ಬ್ರೈಲ್ ಅಂದರೆ ಚುಕ್ಕಿ ಚುಕ್ಕಿಯ ಒಂದು ಫಾಂಟ್ ಎಂಬ ಅಚಲ ವಿಶ್ವಾಸ ಬೇಕು. ಬೆರಳಿನಲ್ಲಿ ಓದುವವರನ್ನು ತಂಡಕ್ಕೆ ಸೇರಿಸಿಕೊಳ್ಳಬೇಡಿ. ಅವರು ಓದಿಬಿಡುತ್ತಾರೆ.

ಮೊದಲ ಸವಾಲು, ಪಾಶ್ಚಾತ್ಯ ಸಂಗೀತದ ಸ್ವರಗಳನ್ನು ಅಚ್ಚು ಹಾಕುವ ಐದು ಗೆರೆಗಳ ಸ್ಟಾಫ್. ಆರ್ಗನ್ ವಾದಕರೂ ಆಗಿದ್ದ ಲೂಯಿ ಬ್ರೈಲ್ 1829ರಲ್ಲಿ ತಮ್ಮ ಪದ್ಧತಿಯನ್ನು ಪ್ರಕಟಿಸಿದಾಗ, ಮಾತಿನ ಜೊತೆ ಸಂಗೀತವೂ ಪುಸ್ತಕದ ಶೀರ್ಷಿಕೆಯಲ್ಲೇ ಇತ್ತು. ಇಂದಿನ ಬ್ರೈಲ್ ಸಂಗೀತದಲ್ಲಿ ಗೆರೆಗಳಿಲ್ಲ, ಸ್ವರದ ಕಡ್ಡಿ ಮೇಲಕ್ಕೋ ಕೆಳಕ್ಕೋ ಎಂಬ ಚಿಂತೆಯಿಲ್ಲ. ಆದರೆ ಖರೀದಿ ಸಮಿತಿಯ ಷರತ್ತು ಸ್ಪಷ್ಟವಾಗಿದೆ: ‘ಮೂಲ ಪುಟದ ವಿನ್ಯಾಸ ಯಥಾವತ್ತಾಗಿ ಉಳಿಯಬೇಕು.’ ಹಾಗಾಗಿ ಐದು ಗೆರೆಗಳನ್ನೂ ಉಬ್ಬಿಸಿ, ನಡುವೆ ಚುಕ್ಕಿಗಳನ್ನು ತೂರಿಸಿ. ಬೆರಳಿಗೆ ಜಾಲಿ ಮುಳ್ಳಿನ ಬೇಲಿ ಸವರಿದ ಹಾಗೆ ಆಗುತ್ತದೆ, ನಿಜ. ಪ್ರೊಜೆಕ್ಟರಿನಲ್ಲಿ ಮಾತ್ರ ಬಹಳ ಚೆನ್ನಾಗಿ ಕಾಣುತ್ತದೆ.

ಇನ್ನು ಕೋಡ್ ಬರೆಯುವ ಕೆಲಸ. ಪಠ್ಯವನ್ನು ಬ್ರೈಲ್ ಮಾಡುವ ಲೈಬ್ರರಿ ಹೇಗೂ ಇದೆ, ಅದಕ್ಕೇ ಸಂಗೀತವನ್ನೂ ಸುರಿಯಿರಿ. ಬ್ರೈಲ್ ಕೋಶವೊಂದರ ಆರು ಚುಕ್ಕಿಗಳಲ್ಲಿ 1, 4, 5ನೆಯವು ಕನ್ನಡ ಪಠ್ಯದಲ್ಲಿ ‘ದ’, ಸಂಗೀತದಲ್ಲಿ ಸಿ ಸ್ವರದ ಕ್ವೇವರ್ (ಅರ್ಧ ಮಾತ್ರೆಯ ಸ್ವರ) ಎಂದು ಯಾರಾದರೂ ತಕರಾರು ತೆಗೆದರೆ, ‘ಮುಂದಿನ ಆವೃತ್ತಿಯಲ್ಲಿ ನೋಡೋಣ’ ಎನ್ನಿ. ಆರು ಚುಕ್ಕಿಗಳಿಂದ ಆಗುವುದು 63 ಆಕಾರಗಳು ಮಾತ್ರ. ಇಡೀ ಸಂಗೀತ ಅಷ್ಟರೊಳಗೆ ಹಿಡಿಯಬೇಕಾದ್ದರಿಂದ ಒಂದೊಂದು ಆಕಾರವೂ ಎರಡು ಮೂರು ಉದ್ಯೋಗ ಮಾಡುತ್ತದೆ. 5ನೇ ಚುಕ್ಕಿ ಒಂದೇ ಇದ್ದರೆ ಅದು ನಾಲ್ಕನೇ ಆಕ್ಟೇವಿನ, ಅಂದರೆ ಸ್ಥಾಯಿಯ, ಗುರುತು. ಬಾರ್, ಅಂದರೆ ತಾಳದ ಒಂದು ಸುತ್ತು, ಮುಗಿಯುವ ಮೊದಲೇ ಸಾಲು ಮುಗಿದರೆ ಅದೇ ಚುಕ್ಕಿ ‘ಮುಂದುವರಿದಿದೆ’ ಎಂಬ ಹೈಫನ್. ಯಾವುದು ಯಾವಾಗ ಎಂಬುದನ್ನು ಸಂದರ್ಭವೇ ಹೇಳಬೇಕು; ಫಾಂಟಿಗೆ ಸಂದರ್ಭ ಎಲ್ಲಿಂದ ಬರಬೇಕು?

ಇದರ ಸೊಗಸು ಕಾಣಬೇಕಾದರೆ ‘ಮೆಲ್ಲಗೆ’, ‘ಜೋರಾಗಿ’ ಎಂಬ ಸೂಚನೆಗಳನ್ನು ನೋಡಬೇಕು. ಅಚ್ಚಿನಲ್ಲಿ ಮೆಲ್ಲಗೆ ಎನ್ನಲು ‘ಪಿ’, ಜೋರಿಗೆ ‘ಎಫ್’. ಬ್ರೈಲ್‌ನಲ್ಲಿ ಈ ಅಕ್ಷರಗಳ ಮುಂದೆ 3, 4, 5ನೇ ಚುಕ್ಕಿಗಳ ಪದಚಿಹ್ನೆ ಬರಬೇಕು, ಮುಂದಿನದು ಸ್ವರವಲ್ಲ ಎಂದು ಎಚ್ಚರಿಸಲು. ಆ ಚಿಹ್ನೆಯನ್ನು ಮರೆತರೆ ‘ಪಿ’ ಅಂದರೆ ಇ ಸ್ವರದ ಮಿನಿಮ್ (ಎರಡು ಮಾತ್ರೆಯ ಸ್ವರ), ‘ಎಫ್’ ಅಂದರೆ ಅದೇ ಇ ಸ್ವರದ ಕ್ವೇವರ್. ಮೆಲ್ಲಗೆ ನುಡಿಸು ಎಂದರೂ ಇ, ಜೋರಾಗಿ ನುಡಿಸು ಎಂದರೂ ಇ, ತುಂಬಾ ಜೋರಾಗಿ ಎಂದರೆ ಎರಡು ಇ. ಸಂಯೋಜಕ ಬರೆಯದ ಇಷ್ಟೊಂದು ಸ್ವರಗಳನ್ನು ಉಚಿತವಾಗಿ ಕೊಡುವ ಔದಾರ್ಯ ಇನ್ನಾವ ತಂತ್ರಾಂಶಕ್ಕಿದೆ?

ಆಕ್ಟೇವ್ ಗುರುತುಗಳ ವಿಚಾರದಲ್ಲಿ ಉಳಿತಾಯವೇ ಧರ್ಮ. ನಿಯಮವೇನೋ ಚೊಕ್ಕವಾಗಿದೆ. ಹಿಂದಿನ ಸ್ವರವನ್ನೂ ಸೇರಿಸಿ ಎಣಿಸಿದಾಗ ಎರಡನೆಯ ಅಥವಾ ಮೂರನೆಯ ಸ್ವರವಾದರೆ ಗುರುತು ಬೇಡ. ನಾಲ್ಕು, ಐದಾದರೆ ಆಕ್ಟೇವ್ ದಾಟಿದಾಗ ಮಾತ್ರ ಬೇಕು. ಆರು ಅಥವಾ ಅದಕ್ಕಿಂತ ಹೆಚ್ಚಾದರೆ ಕಡ್ಡಾಯ. ಸಿ ಸ್ವರದಿಂದ ಮೇಲಿನ ಎ ಸ್ವರಕ್ಕೆ, ಅಂದರೆ ಆರನೆಯದಕ್ಕೆ, ಜಿಗಿದಾಗ ಗುರುತು ಬಿಟ್ಟುಹೋಯಿತು ಎನ್ನಿ. ಓದುಗರು ಅದನ್ನು ಕೆಳಗಿನ ಎ ಎಂದೇ ಓದುತ್ತಾರೆ, ಏಕೆಂದರೆ ಗುರುತಿಲ್ಲದಿದ್ದರೆ ಹತ್ತಿರದ್ದೇ ಸರಿ. ಅಲ್ಲಿಂದಾಚೆ ಮುಂದಿನ ಗುರುತು ಸಿಗುವವರೆಗೆ ಇಡೀ ರಾಗವೇ ಒಂದು ಆಕ್ಟೇವ್ ಕೆಳಗೆ ಜಾರಿರುತ್ತದೆ. ಒಂದು ಚುಕ್ಕಿಯ ತಪ್ಪಿಗೆ ಹತ್ತು ಬಾರ್‌ಗಳ ಶಿಕ್ಷೆ.

ಪ್ರತಿ ಹೊಸ ಸಾಲಿನ ಮೊದಲ ಸ್ವರಕ್ಕೂ ಈ ಗುರುತು ಬೇಕು. ಆದ್ದರಿಂದ ಮೊದಲು ಸಾಲು ಮುರಿದು, ಆಮೇಲೆ ಗುರುತು ಹಾಕುವುದು ವಿವೇಕಿಗಳ ಕ್ರಮ. ನಮ್ಮದು ಉಲ್ಟಾ: ಎಲ್ಲ ಗುರುತುಗಳನ್ನೂ ಮೊದಲೇ ಹಾಕಿ ಮುಗಿಸಿ, 40 ಕೋಶದ ಸಾಲಿಗೆಂದು ಮಾಡಿದ್ದನ್ನು ಚುಕ್ಕಿಗಳು ಎದ್ದು ಇಳಿಯುವ 20 ಕೋಶದ ಬ್ರೈಲ್ ಡಿಸ್‌ಪ್ಲೇಗೆ ಪಠ್ಯದಂತೆ ಸುತ್ತಿಬಿಡುವುದು. ಖಾಲಿ ಕೋಶ ಅಂದರೆ ಬಾರ್ ಗೆರೆ ಎಂಬುದು ಗೊತ್ತಿಲ್ಲದ ಉತ್ಸಾಹಿ ಪ್ರೋಗ್ರಾಮರ್ ‘ಅನಗತ್ಯ ಸ್ಪೇಸ್’ಗಳನ್ನು ಅಳಿಸಿದರೆ ಇನ್ನೂ ಕ್ಷೇಮ. ಆಗ ಬಾರ್‌ಗಳೇ ಇರುವುದಿಲ್ಲ, ತಾಳ ತಪ್ಪಿತು ಎಂದು ಯಾರೂ ದೂರುವಂತಿಲ್ಲ.

ಇದೇ ಉತ್ಸಾಹಿ ಪಿಯಾನೋ ಸ್ವರಗುಚ್ಛಗಳಲ್ಲಿ ಒಂದು ಭಾರಿ ‘ಬಗ್’ ಹಿಡಿಯುತ್ತಾನೆ. ಬಲಗೈಯದನ್ನು ಮೇಲಿನ ಸ್ವರದಿಂದ ಕೆಳಕ್ಕೆ, ಎಡಗೈಯದನ್ನು ಕೆಳಗಿನಿಂದ ಮೇಲಕ್ಕೆ ಬರೆಯಲಾಗಿದೆ! ಎರಡನ್ನೂ ಒಂದೇ ದಿಕ್ಕಿಗೆ ತಿರುಗಿಸಿ, ಸರಿಪಡಿಸಿದ್ದಾಗಿ ವರದಿ ಬರೆದು, ಬಡ್ತಿ ಪಡೆಯುತ್ತಾನೆ.

ಸ್ಕ್ಯಾನ್ ಮಾಡಿದ ಚಿತ್ರದಿಂದ ಸ್ವರ ಗುರುತಿಸುವ ಭಾಗ ‘98% ನಿಖರ’ ಎಂದು ಕರಪತ್ರದಲ್ಲಿ ದಪ್ಪಕ್ಷರದಲ್ಲಿರುತ್ತದೆ. ಸಾವಿರ ಚಿಹ್ನೆಗಳ ಪುಟಕ್ಕೆ 20 ತಪ್ಪು. ಧೂಳಿನ ಕಣವೊಂದು ಸ್ವರದ ಬಲಕ್ಕೆ ಕೂತರೆ ಅವಧಿ ಒಂದೂವರೆಪಟ್ಟು. ಸ್ವರವನ್ನು ತುಂಡರಿಸಿ ನುಡಿಸು ಎನ್ನುವ ಸ್ಟಾಕಾಟೊ ಚುಕ್ಕಿಗೂ ಅವಧಿಯ ಚುಕ್ಕಿಗೂ ಅದಲುಬದಲು. ಬ್ರೈಲ್‌ನಲ್ಲಿ ಸೆಮಿಬ್ರೀವ್‌ಗೂ ಸೆಮಿಕ್ವೇವರ್‌ಗೂ (ನಾಲ್ಕು ಮಾತ್ರೆಯದಕ್ಕೂ ಕಾಲು ಮಾತ್ರೆಯದಕ್ಕೂ) ಒಂದೇ ಆಕಾರ. ಬಾರಿನ ಮಾತ್ರೆಗಳನ್ನು ಕೂಡಿಸಿ ನೋಡಿಯೇ ಯಾವುದೆಂದು ತಿಳಿಯಬೇಕು, ಮತ್ತು ಒಂದು ಸ್ವರ ಕಳೆದರೆ ಕೂಡಿಕೆಯೇ ತಪ್ಪುತ್ತದೆ. ಪ್ರತಿ ಬಾರಿನ ಮೊತ್ತವನ್ನು ಕೂಡಿಸಿ, ತಪ್ಪಿದಲ್ಲಿ ಎಚ್ಚರಿಸುವ ಹತ್ತು ಸಾಲಿನ ಕೋಡ್ ಇದನ್ನು ಹಿಡಿಯಬಲ್ಲದು. ಆದರೆ ಎಚ್ಚರಿಕೆಗಳು ಬಂದರೆ ಒಂದೇ ಕ್ಲಿಕ್ಕಿನಲ್ಲಿ ಮುಗಿಯುವುದಿಲ್ಲವಲ್ಲ. ಪಿಯಾನೋ ನುಡಿಸುವ ಅಂಧ ಕಲಾವಿದೆ ಒಂದು ಕೈಯಲ್ಲಿ ಓದಿ, ಇನ್ನೊಂದು ಕೈಯಲ್ಲಿ ನುಡಿಸಿ, ಕಂಠಪಾಠ ಮಾಡುತ್ತಾರೆ. ಆ 20 ತಪ್ಪುಗಳೂ ಅವರಿಗೆ ಬಾಯಿಪಾಠವಾಗಲಿ.

ತಪ್ಪು ತಿದ್ದಲು ಒಂದು ಪರದೆಯೂ ಇದೆ. ಮೌಸ್‌ನಿಂದ ಸ್ವರವನ್ನು ಎಳೆದು ಸರಿಯಾದ ಗೆರೆಯ ಮೇಲಿಡಬೇಕು. ಅದರ ಗುಂಡಿಗಳಿಗೆ ಹೆಸರಿಲ್ಲ, ಬರೀ ಚಿತ್ರಗಳಿವೆ; ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಪ್ರತಿಯೊಂದನ್ನೂ ‘ಬಟನ್, ಬಟನ್, ಬಟನ್’ ಎಂದು ಭಕ್ತಿಯಿಂದ ಜಪಿಸುತ್ತದೆ. ಮ್ಯೂಸಿಕ್‌ಎಕ್ಸ್‌ಎಂಎಲ್ (ಸ್ವರಗಳನ್ನೇ ದತ್ತಾಂಶವಾಗಿ ಹೊತ್ತ) ಕಡತವನ್ನು ನೇರವಾಗಿ ತೆರೆಯುವಂತಿದ್ದರೆ ಸ್ಕ್ಯಾನಿನ ಗೋಜೇ ಬೇಡವಿತ್ತು. ಆದರೆ ಉದ್ಘಾಟನೆಯ ದಿನ ಸ್ಕ್ಯಾನರಿನ ಬೆಳಕು ಹರಿಯದಿದ್ದರೆ ಫೋಟೋ ಎಲ್ಲಿಂದ?

ಪರೀಕ್ಷೆ ಅಂತೂ ಕಟ್ಟುನಿಟ್ಟು. ತಂತ್ರಾಂಶ ಮಾಡಿದ ಬ್ರೈಲನ್ನು ಅದೇ ತಂತ್ರಾಂಶದಿಂದ ಮರಳಿ ಸ್ಟಾಫಿಗೆ ತಿರುಗಿಸುತ್ತಾರೆ. ಮೂಲಕ್ಕೂ ಇದಕ್ಕೂ 100% ಹೊಂದಿಕೆ! ಹೋಗುವಾಗ ಇದ್ದ ತಪ್ಪು ನಿಯಮವೇ ಬರುವಾಗಲೂ ಇದೆ, ಹೊಂದದೆ ಏನು ಮಾಡೀತು. ಬಳಿಕ ಸಮಿತಿಯ ಸದಸ್ಯರಿಗೆ 80 ಜಿಎಸ್‌ಎಂ ಕಾಗದದಲ್ಲಿ ಪ್ರತಿ ಹಂಚುತ್ತಾರೆ. ಅಷ್ಟು ತೆಳು ಕಾಗದದಲ್ಲಿ ಚುಕ್ಕಿಗಳು ನಿಲ್ಲುವುದಿಲ್ಲ, ಫೈಲಿನ ಭಾರಕ್ಕೇ ಚಪ್ಪಟೆಯಾಗುತ್ತವೆ. ಸದಸ್ಯರಿಗೆ ಅದರಿಂದ ತೊಂದರೆಯಿಲ್ಲ. ಅವರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ‘ಅದ್ಭುತ’ ಎಂದು ಸಹಿ ಹಾಕಿದ್ದಾರೆ. ಅವರು ಕೊಟ್ಟದ್ದು ಒಂದೇ ಸಲಹೆ: ಚುಕ್ಕಿಗಳು ಕಪ್ಪಾಗಿವೆ, ಬಣ್ಣ ಆರಿಸುವ ಸೌಲಭ್ಯ ಇರಲಿ.