ಗಿನಿಕೋಳಿಗಳ ಕಾವಲಿನಲ್ಲಿ

ನಾಯಿ ಸಾಕಿದರೆ ಅದಕ್ಕೆ ಹೊತ್ತುಹೊತ್ತಿಗೆ ಅನ್ನ ಹಾಕಬೇಕು, ಗಿನಿಕೋಳಿಯಾದರೆ ತನ್ನ ಹೊಟ್ಟೆಪಾಡನ್ನು ತಾನೇ ನೋಡಿಕೊಂಡು ಮೇಲಿಂದ ಮೊಟ್ಟೆಯನ್ನೂ ಕೊಡುತ್ತದೆ ಎಂಬುದು ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಪ್ಪನವರ ವಾದ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಆಫ್ರಿಕ ಮೂಲದ ಈ ಹಕ್ಕಿ, ಬೂದು ಮೈತುಂಬ ಬಿಳಿ ಚುಕ್ಕೆ ಹೊತ್ತು, ಬೋಳು ನೆತ್ತಿಯ ಮೇಲೊಂದು ಗಟ್ಟಿ ಕೊಂಬನ್ನು ಏರಿಸಿಕೊಂಡು, ಹಿಂಡುಕಟ್ಟಿ ತೋಟ ಸುತ್ತುತ್ತ ಮಿಡತೆ, ಗೆದ್ದಲು, ಉಣುಗುಗಳನ್ನು ಹೆಕ್ಕಿ ತಿನ್ನುತ್ತದೆ. ನಾಟಿ ಕೋಳಿಯಷ್ಟು ಪಾತಿ ಕೆದರುವುದೂ ಇಲ್ಲ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಸೀಮೆಯಲ್ಲಿ ಉಣುಗು ತಿನ್ನುವ ಹಕ್ಕಿ ಯಾರಿಗೆ ತಾನೇ ಬೇಡ? ಆದರೆ ಆ ಕಾಯಿಲೆಯನ್ನು ಮನುಷ್ಯರಿಗೆ ದಾಟಿಸುವುದು ಹೆಚ್ಚಾಗಿ ಕಣ್ಣಿಗೆ ಬೀಳದ ಮರಿ ಉಣುಗು, ಕೊಕ್ಕಿಗೆ ಸಿಗುವುದು ದಪ್ಪ ಉಣುಗು. ಹಾಗಾಗಿ ಕಾಡಿಗೆ ಹೋಗುವಾಗ ಕೈಕಾಲಿಗೆ ಎಣ್ಣೆ ಸವರಿಕೊಳ್ಳುವುದನ್ನು ಚಿಕ್ಕಪ್ಪ ಇನ್ನೂ ಬಿಟ್ಟಿಲ್ಲ.

ಕಾವಲಿನ ಕೆಲಸದಲ್ಲಿ ಇವುಗಳ ನಿಷ್ಠೆ ಪ್ರಶ್ನಾತೀತ. ತಾರತಮ್ಯಜ್ಞಾನ ಮಾತ್ರ ಶೂನ್ಯ. ಹಾವು ಕಂಡರೆ ಸುತ್ತುವರಿದು ಬೊಬ್ಬೆ ಹೊಡೆಯುವ ಹಿಂಡು, ಅಡಿಕೆ ಸೋಗೆ ಬಿದ್ದರೂ, ಅಂಚೆಯವನು ಬಂದರೂ ಅಷ್ಟೇ ಶ್ರದ್ಧೆಯಿಂದ ಅರಚುತ್ತದೆ. ಚಿಕ್ಕಪ್ಪನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ, ಅವರ ಕರಿ ಕಾರಿನ ಬಾಗಿಲಲ್ಲಿ ತಮ್ಮದೇ ಪ್ರತಿಬಿಂಬ ಕಂಡು, ಪರವೂರಿನ ಕೋಳಿಯೇ ಬಂದಿದೆಯೆಂದು ಭಾವಿಸಿ ಅದಕ್ಕೆ ಟಕಟಕನೆ ಕುಕ್ಕತೊಡಗಿದವು. ಒಳಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದೆ, ಹುಡುಗಿಯ ನಕ್ಷತ್ರ, ಹುಡುಗನ ಸಂಬಳ ಎಲ್ಲವನ್ನೂ ಕೂಗಿಯೇ ಹೇಳಬೇಕಾಗಿ ಬಂದು, ಸಂಬಂಧ ಕುದುರುವ ಮೊದಲೇ ವಿವರಗಳು ರಸ್ತೆಯಾಚೆಯ ಅಕ್ಕಿ ಗಿರಣಿಯವರಿಗೆ ತಲುಪಿದ್ದವು.

ಹೆಣ್ಣು ಗಂಡು ನೋಡಲು ಹೆಚ್ಚುಕಡಿಮೆ ಒಂದೇ ಆದ್ದರಿಂದ ದನಿಯಿಂದಲೇ ಗುರುತಿಸಬೇಕು. ಎರಡು ತುಂಡಾಗಿ ಕೂಗುವುದು ಹೇಂಟೆ, ಒಂದೇ ಸ್ವರವನ್ನು ಜಗ್ಗುವುದು ಹುಂಜ. ಹೆದರಿದಾಗ ಹೇಂಟೆಯೂ ಹುಂಜದಂತೆಯೇ ಕೂಗುತ್ತದೆ, ಮತ್ತು ಇವು ಹೆದರದ ಗಳಿಗೆ ಅಪರೂಪ.

ಮೊಟ್ಟೆಯದು ಬೇರೆಯೇ ಕಥೆ. ಬೇಸಿಗೆಯಿಂದ ಮಳೆಗಾಲದವರೆಗೆ ಇಡುವ ಮೊಟ್ಟೆಗಳನ್ನು ಹಲವು ಹೇಂಟೆಗಳು ಸೇರಿ ಪೊದೆಯೊಳಗಿನ ಒಂದೇ ಗುಂಡಿಯಲ್ಲಿ ಬಚ್ಚಿಡುತ್ತವೆ. ಗೂಡು ಪತ್ತೆಯಾಯಿತೆಂಬ ಗುಮಾನಿ ಬಂದರೆ ಮಾರನೆಯ ದಿನ ಜಾಗ ಬದಲು. ಚಿಕ್ಕಮ್ಮ ಉದ್ದ ಹಿಡಿಯ ಸೌಟು ಹಿಡಿದು, ಕಳ್ಳಹೆಜ್ಜೆಯಲ್ಲಿ ಹೋಗಿ, ನಾಲ್ಕಾರನ್ನು ಅಲ್ಲೇ ಉಳಿಸಿ ಮಿಕ್ಕವನ್ನು ಎತ್ತಿ ತರುತ್ತಾರೆ. ಚಿಪ್ಪಿನ ಗಟ್ಟಿತನಕ್ಕೆ ಬಾಣಲೆಯ ಅಂಚು ಸಾಲದೆ ಒಮ್ಮೊಮ್ಮೆ ಕತ್ತಿಯ ಬೆನ್ನೇ ಬೇಕಾಗುತ್ತದೆ.

ಗಿನಿ ತಾಯಿ ಇಬ್ಬನಿಯ ಹುಲ್ಲಿನಲ್ಲಿ ಮರಿಗಳನ್ನು ಎಳೆದಾಡಿ, ಚಳಿಗೆ ಸಾಯಿಸಿಬಿಡುವುದುಂಟು. ಆದ್ದರಿಂದ ಚಿಕ್ಕಮ್ಮ ಮೊಟ್ಟೆಗಳನ್ನು ನಾಟಿ ಕೋಳಿಯ ಕಾವಿಗಿಡುತ್ತಾರೆ. 21 ದಿನಕ್ಕೆ ಕೆಲಸ ಮುಗಿಯಬೇಕಾದ ಆ ಬಡಪಾಯಿ 26ರಿಂದ 28 ದಿನ ಕೂರುತ್ತದೆ. ರೆಕ್ಕೆ ಬಲಿತ ಮೇಲೆ ಆ ಮಕ್ಕಳೆಲ್ಲ ಒಂದು ಸಂಜೆ ಗೂಡು ಬಿಟ್ಟು ಹಲಸಿನ ಮರವೇರಿದಾಗ, ಸಾಕುತಾಯಿ ಬುಡದಲ್ಲಿ ನಿಂತು ಒಂದೇ ಸಮನೆ ಬೈಯತೊಡಗಿತು. “ಹಾಸ್ಟೆಲಿಗೆ ಹೋದ ಮೇಲೆ ನಮ್ಮನೆ ಹುಡುಗನೂ ಹೀಗೇ ಆಗಿದ್ದು, ಬಾರೆ ಒಳಗೆ” ಎಂದು ಚಿಕ್ಕಮ್ಮ ಅದನ್ನು ಎತ್ತಿಕೊಂಡು ಹೋದರು.