ಹೋಗುವ ನಾಯಿಗೆ ಮಾತ್ರ ದಾಖಲೆ

ಶಿರಸಿ ಕಡೆಯಿಂದ ಮನುಷ್ಯರು ಜರ್ಮನಿಗೆ ಹೋಗುವುದು ಈಗ ಸುದ್ದಿಯೇ ಅಲ್ಲ. ಮಗ ಬರ್ಲಿನ್, ಮಗಳು ಬಾಸ್ಟನ್, ಅಪ್ಪ ಅಮ್ಮ ಮತ್ತು ಅಡಿಕೆ ತೋಟ ಇಲ್ಲಿ ಅನ್ನುವ ಮನೆ ಪ್ರತಿ ಊರಲ್ಲೂ ಸಿಗುತ್ತದೆ. ಸುದ್ದಿ ಆಗುವುದು ನಾಯಿ ಹೊರಟಾಗ.

ನಮ್ಮ ನೆರೆಮನೆ ಮಾಣಿಗೆ, ಅಂದರೆ ಹುಡುಗನಿಗೆ, ಬರ್ಲಿನ್‌ನಲ್ಲಿ ಕೆಲಸ ಸಿಕ್ಕಿತು. ವೀಸಾಕ್ಕೆ ಡಿಗ್ರಿ ಕೇಳಿದರು, ಕೆಲಸದ ಪತ್ರ ಕೇಳಿದರು, ವಿಮೆ ಕೇಳಿದರು, ಫೋಟೋ ಕೇಳಿದರು. ನಿನಗೆ ಹುಚ್ಚು ಇದೆಯಾ ಅಂತ ಮಾತ್ರ ಕೇಳಲಿಲ್ಲ. ಅವನ ಹೆಂಡತಿಗೂ ಕೇಳಲಿಲ್ಲ. ಆದರೆ ಅವರ ಮನೆ ನಾಯಿ ಕೆಂಚನಿಗೆ ಮೊಟ್ಟಮೊದಲು ಕೇಳಿದ್ದೇ ಅದು. ನಿನಗೆ ಹುಚ್ಚು ಇಲ್ಲ ಅನ್ನುವುದಕ್ಕೆ ಏನು ಸಾಕ್ಷಿ?

ಸಾಕ್ಷಿ ಇತ್ತು. ಮಾಣಿ ಅಚ್ಚುಕಟ್ಟಿನ ಮನುಷ್ಯ, ವರ್ಷಾ ವರ್ಷಾ ರೇಬೀಸ್ ಚುಚ್ಚುಮದ್ದು ಹಾಕಿಸಿ ಪುಸ್ತಕದಲ್ಲಿ ಬರೆಸಿ ಇಟ್ಟಿದ್ದ. ಪುಸ್ತಕದ ಫೋಟೋ ತೆಗೆದು ಬೆಂಗಳೂರಿನ ಏಜೆಂಟನಿಗೆ ಕಳಿಸಿದ. ಹೌದು, ನಾಯಿ ಸಾಗಿಸಲಿಕ್ಕೇ ಏಜೆಂಟರು ಇದ್ದಾರೆ, ಅವರ ಲೆಕ್ಕ ಲಕ್ಷದಲ್ಲಿ ನಡೆಯುತ್ತದೆ. ಏಜೆಂಟ ಫೋನ್ ಮಾಡಿದ, ಎತ್ತಿಕೊಂಡದ್ದು ಮಾಣಿಯ ಅಪ್ಪಯ್ಯ. "ಸರ್, ನೀವು ಪೆಟ್ ಪೇರೆಂಟಾ?" ಅಂತ ಕೇಳಿದನಂತೆ. ಅಪ್ಪಯ್ಯ, "ಅಲ್ಲ, ಮಾಣಿ ಪೇರೆಂಟು" ಅಂದರು. ಅಲ್ಲಿಂದ ಮುಂದೆ ಅವರಿಬ್ಬರ ನಡುವೆ ಮಾತು ಸರಿ ಹೋಗಲೇ ಇಲ್ಲ.

ಏಜೆಂಟ ಹೇಳಿದ್ದು ಇಷ್ಟು: ಈ ಚುಚ್ಚುಮದ್ದು ಯಾವುದೂ ಲೆಕ್ಕಕ್ಕಿಲ್ಲ. ಯಾಕೆ ಅಂದರೆ ಕೆಂಚನ ಮೈಯಲ್ಲಿ ಮೈಕ್ರೋಚಿಪ್ ಇಲ್ಲ. ಮೊದಲು ಚಿಪ್, ಆಮೇಲೆ ಚುಚ್ಚುಮದ್ದು, ಇದು ಯುರೋಪಿನ ನಿಯಮ. ಚಿಪ್ ಇಲ್ಲದ ನಾಯಿಗೆ ಚುಚ್ಚಿದ್ದು ಯಾವ ನಾಯಿಗೆ ಚುಚ್ಚಿದ್ದು ಅಂತ ಯಾರು ಹೇಳಬೇಕು? ಚುಚ್ಚಿದ ಡಾಕ್ಟ್ರು ಹೇಳಬಹುದು, ಹಿಡಿದುಕೊಂಡ ಮಾಣಿ ಹೇಳಬಹುದು, ಕಡಿಸಿಕೊಂಡ ಕಂಪೌಂಡರ್ ಅಂತೂ ಗ್ಯಾರಂಟಿ ಹೇಳುತ್ತಾನೆ. ಆದರೆ ಅವರ ಯಾರ ಮೈಯಲ್ಲೂ ಸ್ಕ್ಯಾನ್ ಮಾಡಲು ಏನೂ ಇಲ್ಲ.

ಸರಿ, ಚಿಪ್ ಬಂತು. ಅಕ್ಕಿ ಕಾಳಿನಷ್ಟು ದೊಡ್ಡದು. ಭುಜಗಳ ನಡುವೆ ಚರ್ಮದ ಕೆಳಗೆ ಸೂಜಿಯಿಂದ ತೂರಿಸುತ್ತಾರೆ. ಅದರಲ್ಲಿ 15 ಅಂಕಿಯ ನಂಬರ್. ನಮ್ಮ ಆಧಾರ್ 12 ಅಂಕಿ, ಅಂದರೆ ಕೆಂಚ ನಮಗಿಂತ ಮೂರು ಅಂಕಿ ಮುಂದೆ. ಐಎಸ್ಒ 11784, 11785 ಮಾದರಿಯದೇ ಆಗಿರಬೇಕು, ಇಲ್ಲದಿದ್ದರೆ ಅಲ್ಲಿನ ಯಂತ್ರ ಓದುವುದಿಲ್ಲ. ಓದದ ಚಿಪ್ಪಿನ ನಾಯಿ, ಕಾನೂನಿನ ಪ್ರಕಾರ, ಹುಟ್ಟಿಯೇ ಇಲ್ಲ.

ಹುಟ್ಟಿದ್ದು ಯಾವಾಗ ಅನ್ನುವುದೇ ಮುಂದಿನ ಪ್ರಶ್ನೆ ಆಯಿತು. ಫಾರ್ಮಿನಲ್ಲಿ ಜನ್ಮದಿನಾಂಕದ ಚೌಕ ಇತ್ತು. ಕೆಂಚ ಸಿಕ್ಕಿದ್ದು ತೋಟದ ಮನೆ ಹತ್ತಿರ, ಮರಿ ಇದ್ದಾಗ. ಅಜ್ಜಿ ಹೇಳಿದರು: "ಹಳ್ಳ ಬಂದು ಸಂಕ ಕೊಚ್ಚಿ ಹೋಗಿತ್ತಲ, ಅದೇ ವರ್ಷ ಹೇಳಿ ಬರಿ ಮಾರಾಯ." ಚೌಕದಲ್ಲಿ ಹಳ್ಳ ದಾಟುವ ಸಂಕ ಬರೆಯಲು ಜಾಗ ಇರಲಿಲ್ಲ. ಡಾಕ್ಟ್ರು ಕೆಂಚನ ತುಟಿ ಮೇಲೆತ್ತಿ, ಹಲ್ಲು ಎಷ್ಟು ಸವೆದಿದೆ ನೋಡಿ, ನಾಲಗೆ ಪಕ್ಕಕ್ಕೆ ಸರಿಸಿ ಇನ್ನೊಮ್ಮೆ ನೋಡಿ, ಅಂದಾಜು ನಾಲ್ಕು ವರ್ಷ ಅಂದರು. ಅಂದಾಜು ನಡೆಯುವುದಿಲ್ಲ, ತಾರೀಕು ಬೇಕು. ಆಗ ಅಪ್ಪಯ್ಯ ಜೂನ್ 1 ಅಂತ ಹಾಕಿಸಿದರು. ಅವರದ್ದೂ ಜೂನ್ 1. ಅವರ ತಮ್ಮನದ್ದೂ ಜೂನ್ 1. ಶಾಲೆಗೆ ಸೇರಿಸುವಾಗ ಮಾಸ್ತರು ಕೊಟ್ಟ ಜನ್ಮದಿನ ಅದು, ಅರ್ಧ ಕರ್ನಾಟಕ ಅವತ್ತೇ ಹುಟ್ಟಿದೆ. ಕೆಂಚನೂ ಸೇರಿಕೊಂಡ.

ತಳಿ ಅನ್ನುವ ಜಾಗದಲ್ಲಿ ಕಂತ್ರಿ ಅಂತ ಬರೆಯಲು ಮಾಣಿಗೆ ನಾಚಿಕೆ. ಏಜೆಂಟ ಇಂಡಿಯನ್ ಪರಿಯಾ ಅಂತ ಬರೆದುಕೊಟ್ಟ. ಒಂದು ವಿಷಯ ಮಾತ್ರ ಹೇಳಲೇಬೇಕು, ವಿಮಾನದ ಲೋಕದಲ್ಲಿ ನಮ್ಮ ಊರ ನಾಯಿಗೇ ಮರ್ಯಾದೆ ಜಾಸ್ತಿ. ಐವತ್ತು ಸಾವಿರ ಕೊಟ್ಟು ತಂದ ಪಗ್, ಬುಲ್‌ಡಾಗ್ ಇತ್ಯಾದಿ ಚಪ್ಪಟೆ ಮೂಗಿನವನ್ನು ಎಷ್ಟೋ ವಿಮಾನ ಕಂಪನಿಗಳು ಹತ್ತಿಸಿಕೊಳ್ಳುವುದೇ ಇಲ್ಲ, ದಾರಿಯಲ್ಲಿ ಉಸಿರು ಕಟ್ಟೀತು ಅಂತ. ಪುಕ್ಕಟೆ ಸಿಕ್ಕ ಕೆಂಚನಿಗೆ ಉದ್ದ ಮೂಗು. ಸಲೀಸು.

ಚಿಪ್ ಆದ ಮೇಲೆ ಹೊಸದಾಗಿ ರೇಬೀಸ್ ಚುಚ್ಚುಮದ್ದು. ಅದಾಗಿ 30 ದಿನ ಕಾಯಬೇಕು. ಆಮೇಲೆ ರಕ್ತ ತೆಗೆದು, ಯುರೋಪ್ ಒಪ್ಪಿದ ಪ್ರಯೋಗಾಲಯಕ್ಕೇ ಕಳಿಸಬೇಕು. ರಕ್ತದಲ್ಲಿ ರೇಬೀಸ್ ತಡೆಯುವ ಶಕ್ತಿ ಒಂದು ಮಿಲಿ ಲೀಟರಿಗೆ ಕನಿಷ್ಠ 0.5 ಯೂನಿಟ್ ಇರಬೇಕು. ಹೀಗಾಗಿ ಕೆಂಚನಿಗಿಂತ ಮೊದಲು ಕೆಂಚನ ರಕ್ತ ಫಾರಿನ್ ನೋಡಿತು. ಪಾಸೂ ಆಯಿತು. ಊರಲ್ಲಿ ಪೇಡೆ ಹಂಚಲಿಲ್ಲ ಅಷ್ಟೇ. ಪಾಸ್ ಆದರೆ ಹೊರಡಬಹುದಾ? ಇಲ್ಲ. ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳು ಕಾಯಬೇಕು. ಎಲ್ಲ ಸೇರಿ ನಾಲ್ಕು ತಿಂಗಳು ಹೋಯಿತು.

ಕಂಪನಿ ನಾಲ್ಕು ತಿಂಗಳು ಕಾಯುತ್ತದಾ? ಮಾಣಿ, ಹೆಂಡತಿ ಮೊದಲೇ ಹೋದರು. ಇಲ್ಲಿ ಇನ್ನೊಂದು ನಿಯಮ ಕಾದಿತ್ತು. ಯಜಮಾನ ಹೋಗುವುದಕ್ಕೂ ನಾಯಿ ಹೋಗುವುದಕ್ಕೂ ಐದು ದಿನಕ್ಕಿಂತ ಹೆಚ್ಚು ಅಂತರ ಇರುವಂತಿಲ್ಲ. ಇದ್ದರೆ ಅದು ಸಾಕುಪ್ರಾಣಿಯ ಪ್ರಯಾಣ ಅಲ್ಲ, ವ್ಯಾಪಾರ. ಅಂದರೆ ಐದನೇ ದಿನದ ತನಕ ಕೆಂಚ ಮನೆಯವನು, ಆರನೇ ದಿನ ಸರಕು. ಅದಕ್ಕೆ ಮಾಣಿ ರಜೆ ಹಾಕಿ, ಟಿಕೆಟ್ ತೆಗೆಸಿ, ನಾಯಿಯ ಜೊತೆ ಹೋಗಲಿಕ್ಕೆ ಅಂತಲೇ ವಾಪಸ್ ಬಂದ. ಚೌತಿಗೆ ಬಾ ಅಂದರೆ ರಜೆ ಇಲ್ಲ ಅಂದಿದ್ದ. ಅಪ್ಪಯ್ಯನಿಗೆ ಬೇಸರ ಏನೂ ಇರಲಿಲ್ಲ ಅನ್ನಿ. "ಕೆಂಚನ ದೆಸೆಯಿಂದ ಮಾಣಿ ಮೊಖ ನೋಡಿದಾಂಗೆ ಆತು" ಅಂದರು. ಹೊಗಳಿದ್ದೋ ಚುಚ್ಚಿದ್ದೋ ಮಾಣಿಗೆ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಪೆಟ್ಟಿಗೆ ಬಂದಿತ್ತು. ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಯಾಕೆಂದರೆ ನನಗೆ ಹೊಟ್ಟೆ ಉರಿದದ್ದು ಇಲ್ಲೇ. ಐಯಾಟಾ ಅಂತ ಅಂತರರಾಷ್ಟ್ರೀಯ ವಿಮಾನ ಸಂಸ್ಥೆಗಳ ಸಂಘ ಇದೆಯಲ್ಲ, ಅದು ಪ್ರಾಣಿ ಸಾಗಿಸಲು ಒಂದು ನಿಯಮ ಪುಸ್ತಕ ಮಾಡಿದೆ. ಮೂಗಿನಿಂದ ಬಾಲದ ಬುಡದ ತನಕ ಅಳೆಯಬೇಕು, ಅದಕ್ಕೆ ಮುಂಗಾಲಿನ ಅರ್ಧ ಎತ್ತರ ಕೂಡಿಸಬೇಕು, ಅದು ಪೆಟ್ಟಿಗೆಯ ಉದ್ದ. ಭುಜದ ಅಗಲದ ಎರಡರಷ್ಟು ಪೆಟ್ಟಿಗೆಯ ಅಗಲ. ನಾಯಿ ಒಳಗೆ ಸಹಜವಾಗಿ ಎದ್ದು ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ನಾಲ್ಕೂ ಕಡೆ ಗಾಳಿ ಆಡಬೇಕು. ನೀರಿನ ಬಟ್ಟಲು ಹೊರಗಿನಿಂದಲೇ ತುಂಬಿಸುವ ಹಾಗಿರಬೇಕು. ಇದನ್ನು ನಾನು ಓದಿದ್ದು ಶಿರಸಿಯಿಂದ ಕುಮಟಾಕ್ಕೆ ಹೋಗುವ ಬಸ್ಸಿನಲ್ಲಿ, ದೇವಿಮನೆ ಘಟ್ಟದ ತಿರುವಿನಲ್ಲಿ, ಒಂದು ಕಾಲು ನನ್ನದು ನೆಲದ ಮೇಲೆ, ಇನ್ನೊಂದು ಯಾರದ್ದೋ ಚೀಲದ ಮೇಲೆ, ಮೂಗು ಮುಂದಿನವರ ಕಂಕುಳಲ್ಲಿ ಇರುವಾಗ. ಎದ್ದು ನಿಂತಿದ್ದೆ, ಅದೊಂದು ನಿಯಮ ಪಾಲನೆ ಆಗಿತ್ತು. ತಿರುಗಲು ಆಗುತ್ತಿರಲಿಲ್ಲ. ನನ್ನ ಭುಜದ ಅಗಲ ಯಾರೂ ಅಳೆದಿರಲಿಲ್ಲ.

ಪೆಟ್ಟಿಗೆ ಜಗಲಿ ಮೇಲೆ ಇಟ್ಟು, ಕೆಂಚನಿಗೆ ಅದರಲ್ಲೇ ಮಲಗಿ ಅಭ್ಯಾಸ ಆಗಲಿ ಅಂದರು. ಕೆಂಚ ಅದರ ಮುಂದೆ ಮಲಗಿದ, ಪಕ್ಕದಲ್ಲಿ ಮಲಗಿದ, ಒಳಗೆ ಮಾತ್ರ ಮಲಗಲಿಲ್ಲ. ಅಜ್ಜಿ ಬಂದು ಬಗ್ಗಿ ನೋಡಿ, "ನಾಲ್ಕೂ ಬದಿ ಗಾಳಿ ಆಡ್ತು, ಸಂಡಿಗೆ ಒಣಗ್ಸಲೆ ಚೊಲೋ ಇದ್ದು" ಅಂದರು. ಒಳಗೆ ತೆಳ್ಳೇವು ಇಟ್ಟ ಮೇಲೆ ಕೆಂಚ ಹೋದ. ತಿಂದು ಹೊರಗೆ ಬಂದ.

ಸಲಹೆ ಕೊಡಲು ಊರು ಕೂಡಿತು. ಪ್ರಯಾಣದಲ್ಲಿ ಕೂಗದೆ ಇರಲು ಜಾಯಿಕಾಯಿ ತೇದು ನೆಕ್ಕಿಸಿ ಅಂತ ಒಬ್ಬರು. ಡಾಕ್ಟ್ರು ಬೈದರು, ಜಾಯಿಕಾಯಿ ನಾಯಿಗೆ ವಿಷ, ನಿದ್ದೆ ಮಾತ್ರೆಯನ್ನೂ ಕೊಡಬಾರದು, ಅಷ್ಟು ಎತ್ತರದಲ್ಲಿ ಉಸಿರಾಟ, ರಕ್ತದ ಒತ್ತಡ ಏರುಪೇರಾಗುತ್ತದೆ ಅಂತ. ಜರ್ಮನಿ ಬೇಡ, ಆಸ್ಟ್ರೇಲಿಯಾ ಚೊಲೋ ಅಂತ ಇನ್ನೊಬ್ಬರು. ಪಾಪ, ಅವರಿಗೆ ಗೊತ್ತಿಲ್ಲ. ಭಾರತದ ನಾಯಿ ಆಸ್ಟ್ರೇಲಿಯಾಕ್ಕೆ ನೇರ ಹೋಗುವಂತೆಯೇ ಇಲ್ಲ. ಮೊದಲು ಆ ದೇಶ ಒಪ್ಪಿದ ಇನ್ನೊಂದು ದೇಶಕ್ಕೆ ಹೋಗಿ, ಅಲ್ಲಿಂದ ಹೊರಟು, ಕೊನೆಗೆ ಮೆಲ್ಬರ್ನ್ ಹತ್ತಿರದ ಮಿಕಲ್‌ಹ್ಯಾಮ್ ಅನ್ನುವಲ್ಲಿ ಸರ್ಕಾರದ ಕ್ವಾರಂಟೈನಿನಲ್ಲಿ ದಿನ ಕಳೆಯಬೇಕು. ಜರ್ಮನಿಯೇ ಸಸಾರ. ಅಲ್ಲಿ ತೆರಿಗೆ ಕಟ್ಟಿದರೆ ಸಾಕು. ಬರ್ಲಿನ್‌ನಲ್ಲಿ ಒಂದು ನಾಯಿಗೆ ವರ್ಷಕ್ಕೆ 120 ಯೂರೋ. ತೋಟ ನೋಡಿಕೊಂಡು ಊರಲ್ಲೇ ಇರುವ ಮಾಣಿಗಳಿಗೆ ಹೆಣ್ಣು ಸಿಗದ ಕಾಲದಲ್ಲಿ ಕೆಂಚ ತೆರಿಗೆದಾರ ಆಗುತ್ತಿದ್ದಾನೆ.

ಕೊನೆಯ ಸಹಿ ಪಶು ಕ್ವಾರಂಟೈನ್ ಕಚೇರಿಯದು. ಅದು ಇರುವುದು ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈ, ಹೈದರಾಬಾದ್, ಬೆಂಗಳೂರಿನಂಥ ಮಹಾನಗರಗಳಲ್ಲಿ. ಆರೋಗ್ಯ ಪತ್ರ ಕೈಗೆ ಬಂದ ಮೇಲೆ ಹತ್ತು ದಿನದೊಳಗೆ ಯುರೋಪಿನ ನೆಲ ಮುಟ್ಟಬೇಕು. ನಮ್ಮ ಜಿಲ್ಲೆಯಿಂದ ಇದಕ್ಕೆ ದಾರಿ ಹೇಗೆ? ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಬರುತ್ತದೆ, ಬರುತ್ತಲೇ ಇದೆ. ಹುಬ್ಬಳ್ಳಿ–ಅಂಕೋಲಾ ರೈಲು ಪ್ರತಿ ಚುನಾವಣೆಗೆ ಹೊರಡುತ್ತದೆ, ಮತ ಎಣಿಕೆಯ ದಿನ ನಿಲ್ಲುತ್ತದೆ. ಗೋವಾ ಹತ್ತಿರ ಇದೆ, ಆದರೆ ಸಹಿ ಬೆಂಗಳೂರಲ್ಲಿದೆ. ಹಾಗಾಗಿ ಕೆಂಚ ಟ್ಯಾಕ್ಸಿಯಲ್ಲಿ ರಾತ್ರಿಯಿಡೀ ಬೆಂಗಳೂರಿಗೆ ಹೋದ, ಮಾಣಿಯ ತೊಡೆ ಮೇಲೆ ತಲೆ ಇಟ್ಟುಕೊಂಡು. ಇದರಲ್ಲಿ ಅವನಿಗೆ ಅನ್ಯಾಯ ಆಯಿತು ಅಂತ ನಾನು ಹೇಳುವುದಿಲ್ಲ. ತಲೆಗೆ ಪೆಟ್ಟು ಬಿದ್ದ ಮನುಷ್ಯರೂ ನಮ್ಮಲ್ಲಿ ಹೀಗೇ ಹೋಗುತ್ತಾರೆ, ಮಣಿಪಾಲಕ್ಕೆ, ಮಂಗಳೂರಿಗೆ, ಹುಬ್ಬಳ್ಳಿಗೆ. ಒಂದು ದೊಡ್ಡ ಆಸ್ಪತ್ರೆ ಕೊಡಿ ಅಂತ 2022ರಲ್ಲಿ ಜಿಲ್ಲೆಗೆ ಜಿಲ್ಲೆಯೇ ಮೊಬೈಲಿನಲ್ಲಿ, ಟ್ವಿಟರ್ ಅಭಿಯಾನ ಮಾಡಿ, ಕೂಗಿತ್ತಲ್ಲ. ಕೂಗಿ ಕೂಗಿ ಬೆರಳು ನೋವು ಬಂತು.

ಈಗ ಯುರೋಪನ್ನು ಬೈಯುವುದು ಸುಲಭ. ಆದರೆ ಅವರದ್ದು ತಪ್ಪು ಅಂತ ನನಗೆ ಅನಿಸುವುದಿಲ್ಲ. ಜಗತ್ತಿನ ರೇಬೀಸ್ ಸಾವಿನಲ್ಲಿ ನೂರಕ್ಕೆ 36 ಭಾರತದಲ್ಲೇ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಉಳಿಯುವವರು ಇಲ್ಲ ಅನ್ನುವಷ್ಟು ಕಡಿಮೆ. ಅವರು ಹೆದರಲಿ, ಹೆದರಬೇಕಾದದ್ದೇ. ತಮಾಷೆ ಇರುವುದು ನಮ್ಮ ಕಡೆ. ನಾಲ್ಕು ವರ್ಷ ಕೆಂಚ ಇದೇ ಊರಲ್ಲಿ ಇದ್ದ. ಹಾಲಿನ ಡೇರಿಗೆ ಹೋಗುವವರನ್ನು ಅಟ್ಟಿಸಿಕೊಂಡು ಹೋದ, ಪೋಸ್ಟಿನವರ ಪ್ಯಾಂಟು ಹರಿದ, ಶಾಲೆಯ ಜಗಲಿಯಲ್ಲಿ ಬಿಸಿಯೂಟ ಉಂಡ. ಆಗ ಯಾರೂ ಅವನ ರಕ್ತ ಕೇಳಲಿಲ್ಲ. ನಾನು ಹೋಗುತ್ತೇನೆ ಅಂದ ಕೂಡಲೇ ಮೂರು ಕಚೇರಿ, ಎರಡು ಖಂಡ ಸೇರಿ ಅವನ ಬೆನ್ನು ಹತ್ತಿದವು. ಈಗ ದಾಖಲೆಯಲ್ಲಿ ನಮ್ಮ ಪಂಚಾಯ್ತಿಯ ಅತ್ಯಂತ ಸುರಕ್ಷಿತ ನಾಯಿ ಅಂದರೆ ಕೆಂಚ. ಅವನು ಇಲ್ಲಿಲ್ಲ.

ಇರುವ ನಾಯಿಗಳಿಗೆ ಕಾನೂನು ಇಲ್ಲ ಅಂತಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದಲ್ಲಿ ಎಲ್ಲ ಇದೆ. ಸ್ಥಳೀಯ ಸಂಸ್ಥೆ ಬೀದಿ ನಾಯಿ ಹಿಡಿಯಬೇಕು, ಸಂತಾನಹರಣ ಮಾಡಿಸಬೇಕು, ರೇಬೀಸ್ ಚುಚ್ಚುಮದ್ದು ಹಾಕಿಸಬೇಕು, ಕಿವಿಯಲ್ಲಿ ಗುರುತು ಕತ್ತರಿಸಿ ಬಿಡಬೇಕು. 2030ರ ಹೊತ್ತಿಗೆ ನಾಯಿಯಿಂದ ಬರುವ ರೇಬೀಸ್ ನಿರ್ಮೂಲನೆ ಅಂತ ದೇಶಕ್ಕೇ ಒಂದು ಕಾರ್ಯಯೋಜನೆ 2021ರಲ್ಲಿ ಬಂದಿದೆ. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಿಂದ ನಾಯಿ ತೆಗೆಯಿರಿ ಅಂತಲೂ ಹೇಳಿತು. ನಮ್ಮ ಬಸ್ ನಿಲ್ದಾಣದ ನಾಯಿಗಳು ಅದನ್ನು ಟೀವಿಯಲ್ಲಿ ನೋಡಿರಬೇಕು, ಪ್ಲಾಟ್‌ಫಾರಂ ಬದಲಾಯಿಸಿ ಮಲಗಿವೆ.

ಅದಕ್ಕೆ ನಾನು ಒಂದು ಅರ್ಜಿ ಬರೆದೆ. ಈ ದೇಶದಲ್ಲಿ ನಾಯಿಗೆ ಚಿಪ್ಪು, ಚುಚ್ಚುಮದ್ದು, ರಕ್ತ ಪರೀಕ್ಷೆ ಎಲ್ಲ ಕ್ರಮವಾಗಿ ಆಗುವುದು ಅದು ಬಿಟ್ಟು ಹೋಗುವಾಗ ಮಾತ್ರ. ಆದ್ದರಿಂದ ನಮ್ಮ ಊರಿನ ಅಷ್ಟೂ ಬೀದಿ ನಾಯಿಗಳು ಜರ್ಮನಿಗೆ ಹೊರಟಿವೆ ಅಂತ ದಯವಿಟ್ಟು ಪರಿಗಣಿಸಿ, ದಾಖಲೆ ಮಾಡಿಕೊಡಿ. ಹೋಗುವುದು ಬಿಡುವುದು ಅವುಗಳ ಇಷ್ಟ. ಸಂಬಂಧಪಟ್ಟ ಒಂದು ಕಚೇರಿಗೆ ತೆಗೆದುಕೊಂಡು ಹೋದೆ. ಅಲ್ಲಿದ್ದವರು ಕನ್ನಡಕ ಏರಿಸಿ ಪೂರ್ತಿ ಓದಿದರು. ನಗಲಿಲ್ಲ.

"ಯಜಮಾನರ ಸಹಿ ಎಲ್ಲಿ?" ಅಂದರು.

"ಬೀದಿ ನಾಯಿ ಸರ್, ಯಜಮಾನರು ಇಲ್ಲ."

"ಹಂಗಾದ್ರೆ ನೀವು ಯಾರು?"

ನಾನು ಊರಿನವನು ಅಂದೆ. ಆಧಾರ್ ಜೆರಾಕ್ಸ್ ಕೇಳಿದರು, ಕೊಟ್ಟೆ. ಜನ್ಮದಿನಾಂಕ ನೋಡಿದರು, ಜೂನ್ 1. "ಇದು ಖರೆ ತಾರೀಕಾ, ಮಾಸ್ತರು ಹಾಕಿದ್ದಾ?" ಅಂತ ಕೇಳಿ, ದಾಖಲೆ ಸರಿ ಮಾಡಿಸಿಕೊಂಡು ಬನ್ನಿ, ನಾಯಿ ವಿಷಯ ಆಮೇಲೆ ನೋಡೋಣ ಅಂದರು.